ರಾಮಾನುಜನ್ ನೋಟ್‌ಬುಕ್ಕು, ನಮ್ಮ ಮೇಷ್ಟ್ರು ಮತ್ತು ಬೆಂಗಳೂರಿನ ಐದು ದಿನಗಳು



ನಮ್ಮ ಜೇಬಿನಲ್ಲಿರುವ ಬಹರೈನ್ ದಿನಾರಿನ ನೋಟನ್ನು ಒಮ್ಮೆ ತಿರುವಿ ನೋಡೋಣ. ಒಂದು ಮಗ್ಗುಲಲ್ಲಿ ಇಂಗ್ಲಿಷ್ ಅಂಕಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಅಂಕಿ. ಈ ಎರಡನೆಯದನ್ನು ಅರಬ್ಬರು ಕರೆಯುವುದು ‘ಹಿಂದಿ ಅಂಕಿ’ ಎಂದೇ, ಅಂದರೆ ಹಿಂದ್ ದೇಶದಿಂದ ಬಂದದ್ದು ಎಂದು! 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಭಾರತೀಯರ ಲೆಕ್ಕದ ಕ್ರಮವನ್ನು ವಿವರಿಸಿ ಒಂದು ಪುಸ್ತಕ ಬರೆದ. ಅದರ ಅರಬ್ಬೀ ಮೂಲ ಉಳಿದಿಲ್ಲ. ಲ್ಯಾಟಿನ್ ರೂಪಗಳಿಂದ ಮಾತ್ರ ನಮಗೆ ಅದು ಗೊತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಹಸ್ತಪ್ರತಿಗಳಲ್ಲಿ ಉಳಿದು ಬಂದ ಆ ಗ್ರಂಥವನ್ನು ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅಚ್ಚು ಹಾಕಿಸಿದ್ದು 1912ರಲ್ಲಿ.

ಒಂದು ಪುಸ್ತಕ ಪರರ ಕೈಯಲ್ಲಿ ಉಳಿಯಿತು, ಇನ್ನೊಂದು ಅಚ್ಚಿನ ಮನೆಗಾಗಿ ಸಾವಿರ ವರ್ಷ ಕಾದಿತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿರುವಾಗ ಹೀಗೆಲ್ಲ ಆಗುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ನಮ್ಮ ಕಾಲದಲ್ಲಿಯೇ, ನಮ್ಮ ನಾಡಿನಲ್ಲಿಯೇ ಅಂಥದ್ದೊಂದು ಸಂಗತಿ ನಡೆದಿದೆ. ಅದರ ಕಥೆಯನ್ನು ನಿಮಗೆ ಹೇಳಬೇಕೆಂದು ಈ ಲೇಖನ.

2009ರ ಜೂನ್ 1ರಿಂದ 5ರವರೆಗೆ ಬೆಂಗಳೂರಿನಲ್ಲಿ ಒಂದು ಗಣಿತ ಸಮ್ಮೇಳನ ಸೇರಿತ್ತು. ಸಮ್ಮೇಳನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಧ್ಯಕ್ಷರ ಮೆರವಣಿಗೆ, ಪುಸ್ತಕ ಮಳಿಗೆ, ಊಟದ ಸಾಲು. ಗಣಿತದ ಒಂದು ಸಣ್ಣ ಕವಲಿನ ಸಮ್ಮೇಳನಗಳು ಹಾಗಿರುವುದಿಲ್ಲ. ಒಂದು ಹಲಗೆ, ಒಂದಿಷ್ಟು ಕುರ್ಚಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗುವ ಕೆಲವೇ ಜನ. ಬೆಂಗಳೂರಿನ ಈ ಸಮ್ಮೇಳನದ ವಿಷಯ ಎಲಿಪ್ಟಿಕ್ ಫಂಕ್ಷನ್, ಪಾರ್ಟಿಷನ್ ಮತ್ತು ಕ್ಯೂ-ಶ್ರೇಣಿಗಳು. ಅದು ಸೇರಿದ್ದು ಕೆ. ವೆಂಕಟಾಚಲ ಅಯ್ಯಂಗಾರ್ (1908-2003) ಎಂಬ ಗಣಿತದ ಮೇಷ್ಟ್ರ ನೆನಪಿಗಾಗಿ.

ಹೆದರಬೇಡಿ, ನಾವೂ ಗಣಿತಜ್ಞರಲ್ಲ. ಪಾರ್ಟಿಷನ್ ಎಂದರೆ ಏನೆಂದು ತಿಳಿಯಲು ಕೂಡುವ ಲೆಕ್ಕ ಬಂದರೆ ಸಾಕು. 4 ಎಂಬ ಸಂಖ್ಯೆಯನ್ನು ಎಷ್ಟು ವಿಧದಲ್ಲಿ ಒಡೆಯಬಹುದು? 4, 3+1, 2+2, 2+1+1, 1+1+1+1. ಒಟ್ಟು 5 ವಿಧ. 10ನ್ನು ಒಡೆಯಲು 42 ವಿಧಗಳಿವೆ. 100ಕ್ಕೆ ಹೋದರೆ 19,05,69,292 ವಿಧ! ಇಂಗ್ಲೆಂಡಿನ ಮೇಜರ್ ಮ್ಯಾಕ್‌ಮಹಾನ್ 200ರವರೆಗೆ ಇದನ್ನು ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದ್ದ. ಆ ಪಟ್ಟಿಯನ್ನು ನೋಡಿದ ಶ್ರೀನಿವಾಸ ರಾಮಾನುಜನ್‌ರಿಗೆ ಬೇರೆಯವರಿಗೆ ಕಾಣದ್ದು ಕಂಡಿತು. 4, 9, 14, 19 ಹೀಗೆ 4 ಅಥವಾ 9ರಲ್ಲಿ ಮುಗಿಯುವ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಅದರ ವಿಧಗಳ ಸಂಖ್ಯೆ 5ರಿಂದ ಭಾಗವಾಗುತ್ತದೆ. 4ಕ್ಕೆ 5, 9ಕ್ಕೆ 30, 14ಕ್ಕೆ 135. ಬರೇ ಪಟ್ಟಿ ನೋಡಿ ಹೇಳಿದ ಮಾತಲ್ಲ ಅದು. 1919ರಲ್ಲಿ ಪ್ರಕಟವಾದ ಲೇಖನದಲ್ಲಿ ಅದಕ್ಕೆ ರುಜುವಾತನ್ನೂ ಕೊಟ್ಟರು.

ಆದರೆ ರಾಮಾನುಜನ್ ಬರೆದದ್ದಕ್ಕೆಲ್ಲ ರುಜುವಾತು ಇರಲಿಲ್ಲ. ಕಾಗದಕ್ಕೆ ದುಡ್ಡಿಲ್ಲದ ದಿನಗಳಲ್ಲಿ ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಬಂದ ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. 1920ರಲ್ಲಿ, ಕೇವಲ 32ರ ವಯಸ್ಸಿನಲ್ಲಿ ತೀರಿಕೊಂಡಾಗ, ದಾರಿ ಬರೆದಿಡದ ಸಾವಿರಾರು ಸೂತ್ರಗಳು ಹಿಂದೆ ಉಳಿದವು. ಇಂಗ್ಲೆಂಡಿನಲ್ಲಿ ವಾಟ್ಸನ್ ಮತ್ತು ವಿಲ್ಸನ್ ಎಂಬಿಬ್ಬರು ಅವನ್ನು ಸಂಪಾದಿಸಲು ಹೊರಟರು; ವಿಲ್ಸನ್ 1935ರಲ್ಲಿ ತೀರಿಕೊಂಡರು, ಕೆಲಸ ಮುಗಿಯಲಿಲ್ಲ. 1957ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ ನೋಟ್‌ಬುಕ್ಕುಗಳ ಪಡಿಯಚ್ಚನ್ನು ಎರಡು ಸಂಪುಟಗಳಲ್ಲಿ ತಂದಿತು. ಟಿಪ್ಪಣಿಯಿಲ್ಲ, ವಿವರಣೆಯಿಲ್ಲ. ಇದ್ದದ್ದು ಇದ್ದ ಹಾಗೆ.

ಅಲ್ಲಿಂದ ಮುಂದೆ ಮೈಸೂರಿನ ಪಾತ್ರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಬ್ರೂಸ್ ಬರ್ಂಟ್ ನೋಟ್‌ಬುಕ್ಕುಗಳ ಒಂದೊಂದೇ ಸೂತ್ರಕ್ಕೆ ರುಜುವಾತು ಹುಡುಕತೊಡಗಿದಾಗ ಅವರ ಜೊತೆ ಕೈಜೋಡಿಸಿದವರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಸ್. ಭಾರ್ಗವ ಮತ್ತು ಸಿ. ಅಡಿಗ ಇದ್ದರು. ಎರಡನೆಯ ನೋಟ್‌ಬುಕ್ಕಿನ 16ನೇ ಅಧ್ಯಾಯವನ್ನು ಕುರಿತ ಇವರ ಕೃತಿಯನ್ನು 1985ರಲ್ಲಿ ಅಮೆರಿಕನ್ ಗಣಿತ ಸಂಘ ಪ್ರಕಟಿಸಿತು. ಅದರ ಕರ್ತೃಗಳು ನಾಲ್ವರು: ಅಡಿಗ, ಬರ್ಂಟ್, ಭಾರ್ಗವ ಮತ್ತು ವಾಟ್ಸನ್. ವಾಟ್ಸನ್ ತೀರಿಕೊಂಡು ಆಗಲೇ 20 ವರ್ಷವಾಗಿತ್ತು! ಅವರು ಬಿಟ್ಟುಹೋದ ಟಿಪ್ಪಣಿಗಳ ಋಣವನ್ನು ಈ ಮೂವರು ಹೀಗೆ ತೀರಿಸಿದರು.

ಅದೇ ಕೃತಿಯಲ್ಲಿ ನಮ್ಮ ಮೇಷ್ಟ್ರೂ ಇದ್ದಾರೆ. ಆ ಅಧ್ಯಾಯದಲ್ಲಿ ಗಣಿತಜ್ಞರು ‘ಒನ್-ಸೈ-ಒನ್’ ಎಂದು ಕರೆಯುವ ಒಂದು ಸೂತ್ರವಿದೆ. ರಾಮಾನುಜನ್ ಅದಕ್ಕೆ ರುಜುವಾತು ಬಿಟ್ಟುಹೋಗಿರಲಿಲ್ಲ. 1949ರಲ್ಲಿ ಹಾನ್, 1950ರಲ್ಲಿ ಮಾರ್ಗರೆಟ್ ಜಾಕ್ಸನ್ ರುಜುವಾತುಗಳನ್ನು ಪ್ರಕಟಿಸಿದ್ದರು. ಈ ಕೃತಿಯಲ್ಲಿ ಅಚ್ಚಾದದ್ದು ವೆಂಕಟಾಚಲ ಅಯ್ಯಂಗಾರ್ ಕಂಡುಕೊಂಡ ಸರಳವಾದ ರುಜುವಾತು. ಅವರ ಕೈಯಲ್ಲಿದ್ದದ್ದು ಹೀಗೆ ಕಿರಿಯರ ಪುಸ್ತಕದ ಮೂಲಕ ಲೋಕಕ್ಕೆ ಬಂತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಈ ಮೇಷ್ಟ್ರು ಹಿಡಿದದ್ದು ದೊಡ್ಡ ಕೆಲಸ. ಎಲಿಪ್ಟಿಕ್ ಫಂಕ್ಷನ್‌ಗಳ ಶಾಸ್ತ್ರವನ್ನು ಯುರೋಪಿನಲ್ಲಿ ಆಬೆಲ್ ಮತ್ತು ಜಾಕೋಬಿ 1820ರ ದಶಕದಲ್ಲಿ ಕಟ್ಟಿದ್ದರು. ರಾಮಾನುಜನ್ ಅದೇ ಊರಿಗೆ ಬೇರೆ ದಾರಿಯಿಂದ ಬಂದವರು. ಆ ದಾರಿ ಯಾವುದು? ರಾಮಾನುಜನ್‌ರ 1916ರ ಒಂದು ಲೇಖನದಲ್ಲಿರುವ ಸಮೀಕರಣವನ್ನು ಹಿಡಿದುಕೊಂಡು, ಅಲ್ಲಿಂದಲೇ ಇಡೀ ಶಾಸ್ತ್ರವನ್ನು ಬೆಳೆಸಿ ತೋರಿಸಿದರು ವೆಂಕಟಾಚಲ ಅಯ್ಯಂಗಾರ್. ಅದನ್ನು 1988ರಲ್ಲಿ ಮದುರೈ ಕಾಮರಾಜ್ ವಿಶ್ವವಿದ್ಯಾಲಯ ಒಂದು ತಾಂತ್ರಿಕ ವರದಿಯಾಗಿ ಹೊರತಂದಿತು. ಆಗ ಮೇಷ್ಟ್ರಿಗೆ 80ರ ಹತ್ತಿರ. ತಾಂತ್ರಿಕ ವರದಿ ಎಂದರೆ ಅಂಗಡಿಗೆ ಬರುವ ಪುಸ್ತಕವಲ್ಲ. ಬಲ್ಲವರು ಬಲ್ಲವರಿಗೆ ಹೇಳಿ, ಇದ್ದವರು ಇಲ್ಲದವರಿಗೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪುಸ್ತಕರೂಪದಲ್ಲಿ ಅದನ್ನು ನೋಡುವ ಮೊದಲೇ, 2003ರಲ್ಲಿ, ಅವರು ತೀರಿಕೊಂಡರು.

2009ರ ಸಮ್ಮೇಳನ ನಮಗೆ ಮುಖ್ಯವಾಗುವುದು ಈ ಕಾರಣಕ್ಕೆ. ಅದರ ಪ್ರಬಂಧಗಳನ್ನು ರಾಮಾನುಜನ್ ಗಣಿತ ಸಂಘ ಮರುವರ್ಷ, 2010ರಲ್ಲಿ, ಸಂಪುಟವಾಗಿ ತಂದಿತು. ಹೆಸರು ‘ರಾಮಾನುಜನ್ ರೀಡಿಸ್ಕವರ್ಡ್’. 1987ರ ಶತಮಾನೋತ್ಸವದಲ್ಲಿ ಇಲಿನಾಯ್‌ನಲ್ಲಿ ನಡೆದ ಸಮ್ಮೇಳನದ ಸಂಪುಟಕ್ಕೆ ‘ರಾಮಾನುಜನ್ ರೀವಿಸಿಟೆಡ್’ ಎಂಬ ಹೆಸರಿತ್ತು. ಇದು ಅದರ ತಂಗಿ ಎನ್ನಬಹುದು. ಸಂಪಾದಕರು ಐವರು: ಅಸ್ಸಾಮಿನ ತೇಜಪುರದ ಬರುವಾ, ಅಮೆರಿಕದ ಬರ್ಂಟ್ ಮತ್ತು ಹ್ಯೂಬರ್, ನ್ಯೂಜಿಲೆಂಡಿನ ಶಾನ್ ಕೂಪರ್, ವಿಯೆನ್ನಾದ ಶ್ಲಾಸರ್. ಬೆಂಗಳೂರಿನ ಒಬ್ಬ ಮೇಷ್ಟ್ರ ನೆನಪಿಗೆ ನಾಲ್ಕು ದೇಶದವರು ಕೂತು ಪುಸ್ತಕ ಮಾಡಿದರು. ಇವರಲ್ಲಿ ಶಾನ್ ಕೂಪರ್ ಅಲ್ಲಿಗೇ ನಿಲ್ಲಲಿಲ್ಲ. ಮದುರೈಯ ಆ ಹಳೆಯ ವರದಿಯನ್ನು ಅವರು ತಿದ್ದಿ, ಪರಿಷ್ಕರಿಸಿದರು. 2012ರಲ್ಲಿ, ರಾಮಾನುಜನ್‌ರ 125ನೇ ಜಯಂತಿಯ ವರ್ಷದಲ್ಲಿ, ವರ್ಲ್ಡ್ ಸೈಂಟಿಫಿಕ್ ಸಂಸ್ಥೆಯಿಂದ ಅದು ಪುಸ್ತಕವಾಗಿ ಬಂತು. ಮೊದಲ ವರದಿಯಿಂದ 24 ವರ್ಷ. ಇಂದು ಜಗತ್ತಿನ ಯಾವ ಮೂಲೆಯಲ್ಲಿರುವ ವಿದ್ಯಾರ್ಥಿಯೂ ಅದನ್ನು ತರಿಸಿಕೊಂಡು ಓದಬಹುದು.

ಸಮ್ಮೇಳನಗಳೆಂದರೆ ಭಾಷಣ, ಶಾಲು, ಫೋಟೋ ಎಂದು ನಾವೆಲ್ಲ ಒಮ್ಮೊಮ್ಮೆ ಬೇಸರಪಡುವುದುಂಟು. ದೊಡ್ಡ ಸಮ್ಮೇಳನಗಳ ಮಟ್ಟಿಗೆ ಆ ಬೇಸರದಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆದರೆ ಕೆಲವೇ ಮಂದಿಗೆ ತಿಳಿಯುವ ವಿದ್ಯೆಗೆ ಸಣ್ಣ ಕೂಟವೇ ಮನೆ. ಯಾರ ಹತ್ತಿರ ಏನಿದೆ, ಯಾರ ಟಿಪ್ಪಣಿ ಯಾರ ಪೆಟ್ಟಿಗೆಯಲ್ಲಿದೆ, ಯಾರ ಮಾತು ಅಚ್ಚಾಗದೆ ಉಳಿದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಯಾರಾದರೂ ಒಬ್ಬರು ಎದ್ದು ಆ ಕೆಲಸ ಕೈಗೆತ್ತಿಕೊಳ್ಳುತ್ತಾರೆ.

ಕಡಲಾಚೆ ಕೂತು ಕನ್ನಡ ಓದುವ ನಾವೂ ಒಂದು ಸಣ್ಣ ಕೂಟವೇ. ನಮ್ಮ ಮೇಷ್ಟ್ರುಗಳು, ನಮ್ಮ ಮನೆಯ ಹಿರಿಯರು ಬರೆದಿಟ್ಟ ಹಾಡು, ದಿನಚರಿ, ಪತ್ರ, ಅಚ್ಚಾಗದ ಕಥೆ ಊರಿನ ಅಟ್ಟದ ಮೇಲೆ ಇದ್ದಾವು. ಈ ಸಲ ರಜೆಗೆ ಊರಿಗೆ ಹೋದಾಗ ಒಮ್ಮೆ ಹುಡುಕಿ ನೋಡಿ. ಏನಾದರೂ ಸಿಕ್ಕರೆ ನಮಗೆ ಬರೆಯಿರಿ. ಮುಂದಿನ ಕೂಟದಲ್ಲಿ ಒಟ್ಟಿಗೆ ಕೂತು ಓದೋಣ.