ಗಣಿಯ ಲೆಕ್ಕ, ಸೈಕಲ್ಲಿನ ದಾರಿ: ಬೆಲ್ಜಿಯಂನ ಒಂದು ಬೀಳುನೆಲದ ಕಥೆ

ಊರಿನ ದಾಖಲೆಯಲ್ಲಿ ಒಂದು ಜಾಗವನ್ನು ‘ಬೀಳು’ ಎಂದು ಬರೆದುಬಿಟ್ಟರೆ ಸಾಕು, ಅದರ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಒಬ್ಬರಿಗೆ ಅಲ್ಲಿ ಕಾರ್ಖಾನೆ ಬೇಕು, ಇನ್ನೊಬ್ಬರಿಗೆ ನೆಡುತೋಪು ಬೇಕು. ಅಲ್ಲಿ ಕುರಿ ಮೇಯಿಸುತ್ತಿದ್ದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ಹೇಳುವುದು ಅಂಥದ್ದೇ ಒಂದು ನೆಲದ ಕಥೆ. ಜಾಗ ದೂರದ ಬೆಲ್ಜಿಯಂ ದೇಶದ್ದು. ಅಲ್ಲಿ ಈಗ ಮೋಟಾರು ವಾಹನಗಳ ಕಾಟವಿಲ್ಲದೆ ಮೈಲಿಗಟ್ಟಲೆ ಸೈಕಲ್ ಓಡಿಸಬಹುದು. ಆದರೆ ಆ ದಾರಿ ಹುಟ್ಟಿದ್ದು ನೆಲದ ಮೇಲಲ್ಲ, ನೆಲದ ಅಡಿಯಲ್ಲಿ.

ಕುರಿ ಮಾಡಿದ ನೆಲ

ಬೆಲ್ಜಿಯಂನ ಈಶಾನ್ಯ ಮೂಲೆಯಲ್ಲಿ ಲಿಂಬರ್ಗ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಕೆಂಪೆನ್ ಎಂಬ ಸೀಮೆಯ ಮಣ್ಣು ಬರೀ ಮರಳು. ನೀರು ನಿಲ್ಲುವುದಿಲ್ಲ, ಸಾರ ಉಳಿಯುವುದಿಲ್ಲ. ಹಿಂದೆ ಇಲ್ಲಿ ಕಾಡಿತ್ತು. ಜನ ಅದನ್ನು ಕಡಿದರು, ಸುಟ್ಟರು, ಕುರಿ ಬಿಟ್ಟರು. ಕುರಿ ಎಳೆಯ ಗಿಡಗಳನ್ನೆಲ್ಲ ಮೇಯ್ದಿದ್ದರಿಂದ ಕಾಡು ಮತ್ತೆ ಏಳಲಿಲ್ಲ. ಉಳಿದದ್ದು ಮೊಣಕಾಲೆತ್ತರದ ಹೆದರ್ ಎಂಬ ಕುರುಚಲು ಗಿಡ. ಆಗಸ್ಟ್ ತಿಂಗಳಲ್ಲಿ ಅದು ಹೂ ಬಿಟ್ಟಾಗ ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣ. ಇಂಥ ಬಯಲನ್ನು ಅಲ್ಲಿನವರು ತಮ್ಮ ಭಾಷೆಯಲ್ಲಿ ‘ಹೈಡೆ’ ಎನ್ನುತ್ತಾರೆ.

ಹೈಡೆ ಊರಿನ ಸಾಮೂಹಿಕ ಸೊತ್ತಾಗಿತ್ತು, ನಮ್ಮ ಗೋಮಾಳದ ಹಾಗೆ. ರೈತರು ಅಲ್ಲಿನ ಗಿಡವನ್ನು ಬೇರುಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಕೆತ್ತಿ ತಂದು ಕೊಟ್ಟಿಗೆಯಲ್ಲಿ ಹಾಸುತ್ತಿದ್ದರು. ಕುರಿ ಹಿಕ್ಕೆ, ಗಂಜಲ ಅದರಲ್ಲಿ ಬೆರೆತು ಗೊಬ್ಬರವಾಗುತ್ತಿತ್ತು. ಅದನ್ನು ಹೊಲಕ್ಕೆ ಹಾಕಿದರೆ ಮಾತ್ರ ಬೆಳೆ. ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಪಡೆಯುವ ನಮ್ಮ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಜೇನು ಸಾಕುವವರೂ ಹೂವಿನ ಕಾಲಕ್ಕೆ ಗೂಡುಗಳನ್ನು ಹೊತ್ತು ಇಲ್ಲಿಗೆ ಬರುತ್ತಿದ್ದರು. ಅಂದರೆ ಅದು ‘ಬೀಳು’ ಆಗಿರಲೇ ಇಲ್ಲ. ಉಳುವ ಒಂದು ಎಕರೆಯ ಬೆನ್ನಿಗೆ ಉಳದ ಹತ್ತಾರು ಎಕರೆ ನಿಂತಿತ್ತು.

ಕಾನೂನು ಬಂತು, ಪೈನ್ ಬಂತು

1847ರಲ್ಲಿ ಬೆಲ್ಜಿಯಂ ಸರ್ಕಾರ ಒಂದು ಕಾನೂನು ತಂದಿತು. ಊರುಗಳ ಕೈಯಲ್ಲಿದ್ದ ಸಾಗುವಳಿಯಾಗದ ಸಾಮೂಹಿಕ ಭೂಮಿಯನ್ನು ಮಾರುವಂತೆ ಒತ್ತಾಯಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಕೊಳ್ಳುವ ಶಕ್ತಿ ಇದ್ದವರು ಹಣವಂತರು. ಹೊರಗಿನಿಂದ ರಾಸಾಯನಿಕ ಗೊಬ್ಬರ ಬಂತು, ಆಸ್ಟ್ರೇಲಿಯಾದಿಂದ ಅಗ್ಗದ ಉಣ್ಣೆ ಬಂತು. ಕುರಿ ಸಾಕುವುದು ಗಿಟ್ಟದಾಯಿತು. ಹೈಡೆಯ ಮೇಲೆ ಸಾಲುಸಾಲಾಗಿ ಪೈನ್ ಮರಗಳು ಎದ್ದವು. ಉಳಿದ ಹೈಡೆಯ ಚೆಲುವನ್ನು ಚಿತ್ರಿಸಲು ಕಲಾವಿದರು ಗೆಂಕ್ ಎಂಬ ಹಳ್ಳಿಗೆ ಬರತೊಡಗಿದರು. ಕೈಬಿಟ್ಟು ಹೋಗುತ್ತಿರುವುದು ಚಿತ್ರದಲ್ಲಿ ಚೆಂದ ಕಾಣುತ್ತದೆ.

541 ಮೀಟರ್ ಕೆಳಗೆ

1901ರ ಆಗಸ್ಟ್‌ನಲ್ಲಿ ಎಲ್ಲವೂ ತಲೆಕೆಳಗಾಯಿತು. ಆಂದ್ರೆ ದ್ಯುಮೋಂ ಎಂಬ ಭೂವಿಜ್ಞಾನಿ ಆಸ್ ಎಂಬ ಸಣ್ಣ ಊರಿನಲ್ಲಿ ಕೊರೆಸುತ್ತಿದ್ದ ಕೊಳವೆಗೆ 541 ಮೀಟರ್ ಆಳದಲ್ಲಿ ಕಲ್ಲಿದ್ದಲು ಸಿಕ್ಕಿತು. ಮುಂದೆ ಲಿಂಬರ್ಗಿನಲ್ಲಿ ಏಳು ಗಣಿಗಳು ಎದ್ದವು. 1917ರಲ್ಲಿ ಗೆಂಕ್‌ನ ವಿಂಟರ್‌ಸ್ಲಾಖ್ ಗಣಿಯಿಂದ ಮೊದಲ ಕಲ್ಲಿದ್ದಲು ಮೇಲೆ ಬಂತು. ಎರಡು ಮೂರು ಸಾವಿರ ಜನರಿದ್ದ ಗೆಂಕ್ ನೋಡನೋಡುತ್ತ ಪಟ್ಟಣವಾಯಿತು. ಇವತ್ತು ಅಲ್ಲಿ 60,000ಕ್ಕೂ ಹೆಚ್ಚು ಜನರಿದ್ದಾರೆ.

ಹಿಂದೆ ನೆಟ್ಟಿದ್ದ ಪೈನ್‌ಗೆ ಈಗ ಬೆಲೆ ಬಂತು. ಗಣಿಯ ಸುರಂಗದ ಚಾವಣಿ ಕುಸಿಯದಂತೆ ಆನಿಕೆ ಕೊಡಲು ಮರದ ಕಂಬಗಳು ಬೇಕು. ಭಾರ ಹೆಚ್ಚಾದಾಗ ಪೈನ್ ಕಂಬ ಒಮ್ಮೆಗೇ ಮುರಿಯುವುದಿಲ್ಲ, ಮೊದಲು ಲಟಲಟ ಎನ್ನುತ್ತದೆ. ಆ ಸದ್ದು ಕೇಳಿದವನು ಓಡಿ ಜೀವ ಉಳಿಸಿಕೊಳ್ಳಬಹುದು. ಹೈಡೆಯನ್ನು ನುಂಗಿದ ಮರವೇ ಗಣಿಯಲ್ಲಿ ಕಾವಲುಗಾರನಾಯಿತು.

ದುಡಿಯಲು ಪೋಲೆಂಡಿನವರು ಬಂದರು. 1946ರ ಒಪ್ಪಂದದ ಮೇಲೆ ಇಟಲಿಯವರು, 1964ರ ಒಪ್ಪಂದಗಳ ಮೇಲೆ ಟರ್ಕಿ ಮತ್ತು ಮೊರಾಕೊದವರು ಬಂದರು. 1950ರ ದಶಕದಲ್ಲಿ ಈ ಗಣಿಗಳಲ್ಲಿ ಸುಮಾರು 40,000 ಜನರಿಗೆ ಕೆಲಸವಿತ್ತು.

ಆಮೇಲೆ ಪೆಟ್ರೋಲಿಯಂ ಬಂತು, ಹೊರಗಿನ ಅಗ್ಗದ ಕಲ್ಲಿದ್ದಲು ಬಂತು. 1966ರಲ್ಲಿ ಗೆಂಕ್‌ನ ಜ್ವಾರ್ಟ್‌ಬರ್ಗ್ ಗಣಿ ಮುಚ್ಚುವ ತೀರ್ಮಾನದ ವಿರುದ್ಧ ಕಾರ್ಮಿಕರು ಬೀದಿಗಿಳಿದರು. ಆ ಘರ್ಷಣೆಯಲ್ಲಿ ಇಬ್ಬರು ಗಣಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಗಣಿ ಮುಚ್ಚಿಯೇ ಮುಚ್ಚಿತು. 1987ರಲ್ಲಿ ಐಸ್ಡೆನ್ ಗಣಿ, 1992ರಲ್ಲಿ ಕೊನೆಯದಾಗಿ ಜೋಲ್ಡರ್ ಗಣಿ. ಅಲ್ಲಿಗೆ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ಗಣಿಯ ಜಾಣ್ಮೆ ಮೇಲೆ ಬಂತು

ಗಣಿಯೊಳಗೆ ಸೂರ್ಯನಿಲ್ಲ, ದಿಕ್ಕಿಲ್ಲ. ಎಡಕ್ಕೊಂದು ಸುರಂಗ, ಬಲಕ್ಕೊಂದು ಸುರಂಗ. ಅಲ್ಲಿ ಊರಿನ ಹೆಸರು, ಮರದ ಗುರುತು ಯಾವುದೂ ಕೆಲಸಕ್ಕೆ ಬಾರದು. ಅದಕ್ಕೇ ಸುರಂಗಗಳು ಕೂಡುವ ಕಡೆಗಳಿಗೆ ನಂಬರ್ ಕೊಡುವ ಪದ್ಧತಿ ಇತ್ತು.

ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೋ ಬೋಲೆನ್ ಅವರು ಇದೇ ಲೆಕ್ಕವನ್ನು ಸೈಕಲ್ ದಾರಿಗೆ ತಂದರು ಎಂದು ಅಲ್ಲಿನವರು ಹೇಳುತ್ತಾರೆ. ಅಲ್ಲಿಯವರೆಗೆ ಪ್ರವಾಸಿಗರಿಗೆ ಗೊತ್ತುಮಾಡಿದ ಸುತ್ತುದಾರಿಗಳಿದ್ದವು. ಹೊರಟ ಮೇಲೆ ಪೂರ್ತಿ ಸುತ್ತಲೇಬೇಕು. ಬೋಲೆನ್ ಅವರ ಉಪಾಯ ತೀರಾ ಸರಳ. ಸೈಕಲ್ ದಾರಿಗಳು ಕೂಡುವ ಪ್ರತಿಯೊಂದು ಜಾಗಕ್ಕೂ ಒಂದು ನಂಬರ್. ಅಲ್ಲಿ ನಿಂತರೆ ಅಕ್ಕಪಕ್ಕದ ಕೂಡುದಾರಿಗಳ ನಂಬರ್ ಯಾವ ಕಡೆಗೆ ಎಂದು ಬಾಣದ ಗುರುತು ತೋರಿಸುತ್ತದೆ. ಮನೆಯಿಂದ ಹೊರಡುವಾಗ ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಆಯಿತು. ದಣಿವಾದರೆ ನಡುವೆಯೇ ದಾರಿ ಬದಲಿಸಬಹುದು. ಆ ಊರಿನ ಭಾಷೆ ಗೊತ್ತಿಲ್ಲದವರಿಗೂ ನಂಬರ್ ಓದಲು ಬರುತ್ತದೆ.

1995ರಲ್ಲಿ ಲಿಂಬರ್ಗಿನಲ್ಲಿ ಈ ಪದ್ಧತಿ ಶುರುವಾಯಿತು. ಇವತ್ತು ಆ ಒಂದು ಪ್ರಾಂತ್ಯದಲ್ಲೇ ಸುಮಾರು 2,000 ಕಿಲೋಮೀಟರ್ ದಾರಿ ಇದೆ. ಪಕ್ಕದ ನೆದರ್‌ಲ್ಯಾಂಡ್ಸ್ ಇದನ್ನು ದೇಶದ ತುಂಬ ಹರಡಿತು, ಜರ್ಮನಿಯ ಹಲವು ಭಾಗಗಳೂ ಅನುಸರಿಸಿದವು. ಕಲ್ಲಿದ್ದಲು ಸಾಗಿಸುತ್ತಿದ್ದ ಕೆಲವು ಹಳೆಯ ರೈಲುಹಾದಿಗಳ ಮೇಲೂ ಈಗ ಸೈಕಲ್ ಓಡುತ್ತದೆ.

ಹೈಡೆಗೆ ಮರುಜೀವ

ಗಣಿ ಮುಚ್ಚಿದ ಮೇಲೆ ಉಳಿದ ಕಾಡು ಮತ್ತು ಹೈಡೆಯನ್ನು ಒಟ್ಟಾಗಿ ಉಳಿಸುವ ಪ್ರಯತ್ನ ನಡೆಯಿತು. 2006ರಲ್ಲಿ ಹೋಗೆ ಕೆಂಪೆನ್ ರಾಷ್ಟ್ರೀಯ ಉದ್ಯಾನ ಶುರುವಾಯಿತು. ಅದಕ್ಕಾಗಿ ದುಡಿದ ಇಗ್ನಾಸ್ ಸ್ಕೋಪ್ಸ್ ಅವರಿಗೆ 2008ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಿಕ್ಕಿತು. ಉದ್ಯಾನದ ಸುತ್ತ ಹೆಬ್ಬಾಗಿಲುಗಳಿವೆ. ಕಾರು ಅಲ್ಲೇ ನಿಲ್ಲಬೇಕು. ಮುಂದೆ ಕಾಲ್ನಡಿಗೆ ಅಥವಾ ಸೈಕಲ್. ಅಂಥ ಒಂದು ಬಾಗಿಲು ಇರುವುದು ಐಸ್ಡೆನ್‌ನ ಹಳೆಯ ಗಣಿಯ ಜಾಗದಲ್ಲೇ.

2021ರಲ್ಲಿ ಮಾಸ್‌ಮೆಕೆಲೆನ್ ಊರಿನ ಹೈಡೆಯಲ್ಲಿ ಸುಮಾರು 300 ಮೀಟರ್ ಉದ್ದದ ಸೈಕಲ್ ಸೇತುವೆ ತೆರೆಯಿತು. ಹಾವಿನಂತೆ ಬಳುಕುವ ಈ ಸೇತುವೆಯ ಇಕ್ಕೆಲಗಳಲ್ಲೂ ಮರದ ಕಂಬಗಳ ಸಾಲು. ಅವು ಒಮ್ಮೆಗೇ ಎರಡನ್ನು ನೆನಪಿಸುತ್ತವೆ: ಮೇಲಿನ ಪೈನ್ ತೋಪನ್ನು, ಕೆಳಗಿನ ಸುರಂಗದ ಆನಿಕೆಯನ್ನು.

ಇದನ್ನೆಲ್ಲ ಓದಿ ‘ಎಲ್ಲವೂ ಸುಖಾಂತ್ಯ’ ಎಂದುಕೊಳ್ಳಬೇಡಿ. ಸೈಕಲ್ ದಾರಿಯಿಂದ ಹೋಟೆಲ್, ರಿಪೇರಿ ಅಂಗಡಿ, ಬಾಡಿಗೆ ಕೋಣೆಗಳಿಗೆ ವ್ಯಾಪಾರ ಬಂತು ನಿಜ. ಆದರೆ ಅದು 40,000 ಗಣಿ ಕೆಲಸಕ್ಕೆ ಸಮವಲ್ಲ. ಗೆಂಕ್‌ಗೆ ಆಸರೆಯಾಗಿದ್ದ ಫೋರ್ಡ್ ಕಾರು ಕಾರ್ಖಾನೆಯೂ 2014ರಲ್ಲಿ ಮುಚ್ಚಿತು. ಹೈಡೆಯೂ ತನ್ನಷ್ಟಕ್ಕೆ ಉಳಿಯುವುದಿಲ್ಲ. ದನ ಸಾಕಣೆ ಮತ್ತು ವಾಹನಗಳಿಂದ ಗಾಳಿಗೆ ಸೇರುವ ಸಾರಜನಕ ಮಣ್ಣಿಗಿಳಿದು ಹುಲ್ಲು ಹೆಚ್ಚುತ್ತದೆ, ಹೆದರ್ ಸೋಲುತ್ತದೆ. ಸುಮ್ಮನೆ ಬಿಟ್ಟರೆ ಪೈನ್, ಬರ್ಚ್ ಸಸಿಗಳು ಎದ್ದು ಬಯಲು ಕಾಡಾಗುತ್ತದೆ. ಅದಕ್ಕೆ ಈಗ ಏನು ಮಾಡುತ್ತಾರೆ ಗೊತ್ತೆ? ಸಂಬಳ ಕೊಟ್ಟು ಕುರುಬರನ್ನಿಟ್ಟು ಕುರಿ ಮೇಯಿಸುತ್ತಾರೆ, ಹಳೆಯ ಕಾಲದಂತೆಯೇ ಮೇಲ್ಮಣ್ಣು ಕೆತ್ತಿಸುತ್ತಾರೆ.

ಒಂದು ಕಾಲಕ್ಕೆ ಕುರಿ ಮೇಯಿಸುವವನ ಕೈಯಿಂದ ಆ ನೆಲವನ್ನು ಬಿಡಿಸಿದ್ದು ‘ಇದರಿಂದ ಉಪಯೋಗವಿಲ್ಲ’ ಎಂಬ ಮಾತಿನಿಂದ. ನೂರೈವತ್ತು ವರ್ಷ ಕಳೆದ ಮೇಲೆ, ಅವನಿಲ್ಲದೆ ಆ ನೆಲ ಬದುಕುವುದಿಲ್ಲ ಎಂದು ಗೊತ್ತಾಯಿತು. ಊರ ಮುಂದಿನ ಬಯಲಿಗೆ ಯಾರಾದರೂ ‘ಬೀಳು’ ಎಂದು ಹೆಸರಿಟ್ಟಾಗ, ಯಾರ ಪಾಲಿಗೆ ಬೀಳು ಎಂದು ಒಮ್ಮೆ ಕೇಳುವುದು ಒಳ್ಳೆಯದು.