ಮುಕ್ತ ಆಕರ ಡ್ರೋನ್ ಯೋಜನೆಗಳಲ್ಲಿ ಶ್ರೇಯ ಮತ್ತು ವಾಣಿಜ್ಯೀಕರಣದ ವಿವಾದಗಳು

ಹವ್ಯಾಸಿಗಳು ಬಹುಮಟ್ಟಿಗೆ ಸಂಭಾವನೆಯಿಲ್ಲದೆ ರಚಿಸಿ ಹಂಚಿದ ಡ್ರೋನ್ ತಂತ್ರಾಂಶ ಹಾಗೂ ಯಂತ್ರಾಂಶ ವಿನ್ಯಾಸಗಳು ಮಾರಾಟದ ಸರಕಾದಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಕೆಲಸದ ಶ್ರೇಯ ಯಾರಿಗೆ, ಲಾಭ ಯಾರಿಗೆ, ಯೋಜನೆಯ ಮೇಲಿನ ಅಧಿಕಾರ ಯಾರದು ಎಂಬ ಈ ಪ್ರಶ್ನೆಗಳ ಸುತ್ತ ಹುಟ್ಟಿದ ಭಿನ್ನಾಭಿಪ್ರಾಯಗಳನ್ನು ಈ ಲೇಖನ ವಿವರಿಸುತ್ತದೆ. ಮೊದಲ ಪ್ರಶ್ನೆಗೆ ಪರವಾನಗಿಗಳು ಒಂದಿಷ್ಟು ಉತ್ತರ ನೀಡುತ್ತವೆ. ಉಳಿದೆರಡನ್ನು ಅವು ಇತ್ಯರ್ಥಪಡಿಸುವುದಿಲ್ಲ. ಹೆಚ್ಚಿನ ವಿವಾದಗಳ ಮೂಲ ಇಲ್ಲಿದೆ.

ಹಿನ್ನೆಲೆ

ಡ್ರೋನ್ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಲು ಅದರೊಳಗಿನ ಚಿಕ್ಕ ಗಣಕವೊಂದು ಸಂವೇದಕಗಳ ಮಾಹಿತಿಯನ್ನು ಸೆಕೆಂಡಿಗೆ ನೂರಾರು ಬಾರಿ ಓದಿ ಮೋಟಾರುಗಳ ವೇಗವನ್ನು ತಿದ್ದುತ್ತಿರಬೇಕು. ಈ ಗಣಕಕ್ಕೆ ಹಾರಾಟ ನಿಯಂತ್ರಕ ಎಂದು ಹೆಸರು. 2007ರಲ್ಲಿ ‘ವೈರ್ಡ್’ ಪತ್ರಿಕೆಯ ಅಂದಿನ ಸಂಪಾದಕ ಕ್ರಿಸ್ ಆಂಡರ್ಸನ್ ಅಮೆರಿಕದಲ್ಲಿ ‘ಡಿಐವೈ ಡ್ರೋನ್ಸ್’ ಎಂಬ ಹವ್ಯಾಸಿಗಳ ಬಳಗವನ್ನು ಆರಂಭಿಸಿದರು. 2009ರಲ್ಲಿ ಅವರು ಜೋರ್ಡಿ ಮುನ್ಯೋಸ್ ಅವರೊಡನೆ 3ಡಿ ರೋಬೋಟಿಕ್ಸ್ ಕಂಪನಿಯನ್ನು ಸ್ಥಾಪಿಸಿದರು. ಇದೇ ಬಳಗದಿಂದ ಆರ್ಡುಪೈಲಟ್ ಯೋಜನೆ ಬೆಳೆಯಿತು. ಹೀಗೆ ಹವ್ಯಾಸಿ ಬಳಗ ಮತ್ತು ವ್ಯಾಪಾರ ಸಂಸ್ಥೆ ಆರಂಭದಿಂದಲೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಪರವಾನಗಿಗಳ ಸ್ವರೂಪ

ಆರ್ಡುಪೈಲಟ್ ತಂತ್ರಾಂಶವು ಜಿಪಿಎಲ್ ಪರವಾನಗಿಯ 3ನೆಯ ಆವೃತ್ತಿಗೆ ಒಳಪಟ್ಟಿದೆ. ಇದರಂತೆ ತಂತ್ರಾಂಶವನ್ನು ಯಾರು ಬೇಕಾದರೂ ಮಾರಬಹುದು. ಆದರೆ ಮಾರ್ಪಡಿಸಿದ ತಂತ್ರಾಂಶವನ್ನು ಇತರರಿಗೆ ವಿತರಿಸುವವರು ಪಡೆದವರಿಗೆ ಅದರ ಮೂಲ ಸಂಕೇತವನ್ನು ಒದಗಿಸಬೇಕು, ಕೃತಿಸ್ವಾಮ್ಯದ ಸೂಚನೆಗಳನ್ನು ಅಳಿಸಬಾರದು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಲೊರೆಂಟ್ಸ್ ಮೈಯರ್ ಅವರ ತಂಡದಿಂದ ಹುಟ್ಟಿದ ಪಿಎಕ್ಸ್4 ಯೋಜನೆಯದು ಬಿಎಸ್‌ಡಿ ಪರವಾನಗಿ. ಇಲ್ಲಿಯೂ ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಬೇಕು. ಆದರೆ ತಾವು ಮಾಡಿದ ಬದಲಾವಣೆಗಳನ್ನು ಬಹಿರಂಗಪಡಿಸುವ ಕಡ್ಡಾಯವಿಲ್ಲ. ಆದ್ದರಿಂದ ತಮ್ಮ ಸುಧಾರಣೆಗಳನ್ನು ಗೋಪ್ಯವಾಗಿಡಲು ಬಯಸುವ ಕಂಪನಿಗಳಿಗೆ ಎರಡನೆಯದು ಅನುಕೂಲಕರ.

ತದ್ರೂಪಿ ಫಲಕಗಳು

ವಿನ್ಯಾಸಗಳು ಮುಕ್ತವಾಗಿದ್ದುದರಿಂದ ಆರ್ಡುಪೈಲಟ್ ಫಲಕಗಳ ತದ್ರೂಪಿಗಳು ಚೀನಾದಲ್ಲಿ ತಯಾರಾಗಿ ಕಡಿಮೆ ಬೆಲೆಗೆ ಮಾರಾಟವಾದವು. ಆಂಡರ್ಸನ್ ತಮ್ಮ ‘ಮೇಕರ್ಸ್’ (2012) ಕೃತಿಯಲ್ಲಿ ಈ ಪ್ರಸಂಗವನ್ನು ಚರ್ಚಿಸಿದ್ದಾರೆ. ನಕಲು ಮಾಡುವುದು ಮುಕ್ತ ಪರವಾನಗಿ ನೀಡಿರುವ ಹಕ್ಕು, ವ್ಯಾಪಾರಚಿಹ್ನೆಯ ದುರ್ಬಳಕೆಗೆ ಮಾತ್ರ ಆಕ್ಷೇಪ ಎಂಬುದು ಅವರ ನಿಲುವು. ತದ್ರೂಪಿಗಳ ಕಡೆಯಿಂದಲೇ ಕೈಪಿಡಿಯ ಚೀನೀ ಅನುವಾದವೂ ದೋಷ ಪರಿಹಾರಗಳೂ ದೊರೆತವೆಂದು ಅವರು ದಾಖಲಿಸಿದ್ದಾರೆ. ಎಲ್ಲರೂ ಹಾಗೆ ಭಾವಿಸಲಿಲ್ಲ. ಅಗ್ಗದ ಫಲಕ ಕೊಂಡವರು ಸಹಾಯ ಕೇಳುವುದು ಮೂಲ ಸ್ವಯಂಸೇವಕರನ್ನೇ. ಮಾರಿದವರು ಯೋಜನೆಗೆ ಏನನ್ನೂ ನೀಡಬೇಕಿಲ್ಲ ಎಂಬುದು ಈ ವಾದದ ಇನ್ನೊಂದು ಮುಖ.

ಡ್ರೋನ್‌ಕೋಡ್ ವಿಭಜನೆ

2014ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಡ್ರೋನ್‌ಕೋಡ್ ಒಕ್ಕೂಟ ಸ್ಥಾಪನೆಯಾಯಿತು. ಆರ್ಡುಪೈಲಟ್ ಮತ್ತು ಪಿಎಕ್ಸ್4 ಎರಡೂ ಅದರಲ್ಲಿದ್ದವು. 3ಡಿ ರೋಬೋಟಿಕ್ಸ್, ಇಂಟೆಲ್, ಕ್ವಾಲ್‌ಕಾಮ್ ಮುಂತಾದ ಕಂಪನಿಗಳು ಶುಲ್ಕ ತೆತ್ತು ಸದಸ್ಯರಾದವು. ಶುಲ್ಕದ ಶ್ರೇಣಿಗೆ ತಕ್ಕಂತೆ ಆಡಳಿತದಲ್ಲಿ ಅವುಗಳಿಗೆ ಸ್ಥಾನ ದೊರೆಯುತ್ತಿತ್ತು. ಈ ರಚನೆಯಿಂದ ಯೋಜನೆಯ ಮೇಲಿನ ಹಿಡಿತ ಸ್ವಯಂಸೇವಕರಿಂದ ಕಂಪನಿಗಳಿಗೆ ಸರಿಯುತ್ತದೆ ಎಂದು ಆರ್ಡುಪೈಲಟ್ ತಂಡ ಆಕ್ಷೇಪಿಸಿತು. ಸಾಂಬಾ ತಂತ್ರಾಂಶದ ಕರ್ತೃವೆಂದು ಹೆಸರಾದ ಆಂಡ್ರ್ಯೂ ಟ್ರಿಡ್ಜೆಲ್ ಈ ತಂಡದ ಪ್ರಮುಖರು. ಜಿಪಿಎಲ್ ಯೋಜನೆಗಳನ್ನು ಒಕ್ಕೂಟದಿಂದ ಕೈಬಿಡುವ ನಿರ್ಧಾರದೊಂದಿಗೆ ಬಿಕ್ಕಟ್ಟು ತುದಿ ಮುಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ಆರ್ಡುಪೈಲಟ್ ಹೊರಬಂದಿತು. ಪಿಎಕ್ಸ್4 ಒಕ್ಕೂಟದಲ್ಲಿಯೇ ಉಳಿಯಿತು. ಅದೇ ವರ್ಷ 3ಡಿ ರೋಬೋಟಿಕ್ಸ್ ಹವ್ಯಾಸಿ ಡ್ರೋನ್ ತಯಾರಿಕೆಯಿಂದ ಹಿಂದೆ ಸರಿಯಿತು.

ಕವಲುಗಳು ಮತ್ತು ಶ್ರೇಯ

ಯೋಜನೆಯೊಂದರ ಸಂಕೇತವನ್ನು ತೆಗೆದುಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸುವುದನ್ನು ಕವಲೊಡೆಯುವುದು ಎನ್ನಬಹುದು. 2010ರಲ್ಲಿ ನಿಂಟೆಂಡೊ ಕಂಪನಿಯ ವೀ ಆಟದ ಸಾಧನದ ಸಂವೇದಕಗಳನ್ನು ಬಳಸಿಕೊಂಡು ಆರಂಭವಾದ ಮಲ್ಟಿವೀ ತಂತ್ರಾಂಶದಿಂದ ಬೇಸ್‌ಫ್ಲೈಟ್ ಬಂದಿತು. ಅದರಿಂದ 2014ರಲ್ಲಿ ಕ್ಲೀನ್‌ಫ್ಲೈಟ್, ಮುಂದೆ ಕ್ಲೀನ್‌ಫ್ಲೈಟ್‌ನಿಂದ ಬೀಟಾಫ್ಲೈಟ್ ಮತ್ತು ಐನ್ಯಾವ್ ಕವಲೊಡೆದವು. ಬಳಕೆದಾರರ ನಾಲಿಗೆಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಕೊನೆಯ ಹೆಸರು ಮಾತ್ರ. ಹಿಂದಿನವರ ದುಡಿಮೆಯ ದಾಖಲೆ ಕಡತಗಳ ಆರಂಭದ ಕೃತಿಸ್ವಾಮ್ಯ ಸೂಚನೆಯಲ್ಲಿ ಉಳಿಯುತ್ತದೆ. ಬೀಟಾಫ್ಲೈಟ್‌ನ ಅನೇಕ ಕಡತಗಳಲ್ಲಿ ಕ್ಲೀನ್‌ಫ್ಲೈಟ್ ಹೆಸರೂ ಜೊತೆಗಿದೆ. ಹೊಣೆಯ ಹರಿವು ಒಂದೇ ದಿಕ್ಕಿನದಲ್ಲ: ಕ್ಲೀನ್‌ಫ್ಲೈಟ್‌ನ 2ನೆಯ ಆವೃತ್ತಿ ಬೀಟಾಫ್ಲೈಟ್ ಸಂಕೇತವನ್ನೇ ಆಧರಿಸಿತು.

ಮುಕ್ತದಿಂದ ಮುಚ್ಚಿದ ಸಂಕೇತದೆಡೆಗೆ

ಮೋಟಾರಿನ ವೇಗ ನಿಯಂತ್ರಕಗಳಿಗೆಂದು ಬರೆದ ಬಿಎಲ್‌ಹೆಲಿ ತಂತ್ರಾಂಶದ ಮೊದಲ ಪೀಳಿಗೆಗಳು ಮುಕ್ತವಾಗಿದ್ದವು. ಅದರ ಮುಂದಿನ ಪೀಳಿಗೆಯಾದ ಬಿಎಲ್‌ಹೆಲಿ-32ರ ಮೂಲ ಸಂಕೇತ ಬಹಿರಂಗವಾಗಿರಲಿಲ್ಲ. ತಯಾರಕರು ಹಣ ತೆತ್ತು ಅನುಮತಿ ಪಡೆಯಬೇಕಿತ್ತು. ಕರ್ತೃವಿಗೆ ಪ್ರತಿಫಲ ದೊರೆಯುವ ಮಾರ್ಗ ಇದಾಗಿತ್ತು. ಆದರೆ 2024ರಲ್ಲಿ ಅದು ಸ್ಥಗಿತಗೊಂಡಾಗ ಅದನ್ನು ಇತರರು ಮುಂದುವರಿಸುವಂತಿರಲಿಲ್ಲ. ತಯಾರಕರಲ್ಲಿ ಅನೇಕರು ಎಎಂ32 ಎಂಬ ಮುಕ್ತ ತಂತ್ರಾಂಶದತ್ತ ತಿರುಗಿದರು.

ಪರಿಣಾಮ

ಡ್ರೋನ್‌ಕೋಡ್ ತೊರೆದ ನಂತರ ಆರ್ಡುಪೈಲಟ್ ಅಮೆರಿಕದ ಲಾಭರಹಿತ ಸಂಸ್ಥೆಯಾದ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್‌ನ ಆಶ್ರಯ ಪಡೆಯಿತು. ಕಂಪನಿಗಳು ಪಾಲುದಾರರಾಗಿ ದೇಣಿಗೆ ನೀಡುತ್ತವೆ. ಸಂಕೇತದ ಕೃತಿಸ್ವಾಮ್ಯ ಅದನ್ನು ಬರೆದವರಲ್ಲಿಯೇ ಹಂಚಿಹೋಗಿರುವುದರಿಂದ ಯಾವೊಬ್ಬ ವ್ಯಕ್ತಿಯೂ ಕಂಪನಿಯೂ ಪರವಾನಗಿಯನ್ನು ಏಕಪಕ್ಷೀಯವಾಗಿ ಬದಲಿಸಲಾಗದು. ವ್ಯಾಪಾರಕ್ಕೆ ಇದರಿಂದ ತಡೆಯಿಲ್ಲ; ಆದರೆ ಸಾಮೂಹಿಕ ದುಡಿಮೆ ಒಬ್ಬರ ಸ್ವತ್ತಾಗದಂತೆ ಇದು ಕಾಯುತ್ತದೆ.