ಬೆಳ್ಗೊಳದ ಅಡಹುಪತ್ರಗಳು: ದಾನಭೂಮಿಯ ದಾಖಲೆ ಉಳಿದುಬಂದ ಬಗೆ

ಶ್ರವಣಬೆಳ್ಗೊಳದ ಶಾಸನಗಳನ್ನು ಧರ್ಮ, ಸಾಹಿತ್ಯ ಹಾಗೂ ಗುರುಪರಂಪರೆಗಳ ದೃಷ್ಟಿಯಿಂದ ವಿದ್ವಾಂಸರು ಸಾಕಷ್ಟು ಪರಿಶೀಲಿಸಿದ್ದಾರೆ. ಆ ಶಾಸನಗಳಲ್ಲಿ ಹಲವು ಮೂಲತಃ ಆಸ್ತಿಪತ್ರಗಳು ಎಂಬ ಅಂಶಕ್ಕೆ ಮಾತ್ರ ಅಷ್ಟು ಗಮನ ಸಂದಿಲ್ಲ. ಯಾವ ಭೂಮಿಯನ್ನು ಯಾರು, ಯಾವ ಜಿನಾಲಯಕ್ಕೆ, ಯಾವ ಕಾರ್ಯಕ್ಕಾಗಿ ಬಿಟ್ಟರು, ಅದರ ಚತುಸ್ಸೀಮೆ ಯಾವುದು ಎಂಬುದನ್ನು ಮುಂದಿನವರು ಅಲ್ಲಗಳೆಯದಂತೆ ನಿಲ್ಲಿಸುವುದೇ ಅವುಗಳ ಮೊದಲ ಪ್ರಯೋಜನವಾಗಿತ್ತು. ಪ್ರಶಸ್ತಿಯ ಪದ್ಯಗಳು ಎಷ್ಟೇ ಪ್ರೌಢವಾಗಿದ್ದರೂ, ಬಸದಿಯಲ್ಲಿ ದೀಪ ಉರಿಯುತ್ತಿದ್ದುದು ಅವುಗಳ ಕೆಳಗಿನ ಗದ್ದೆ ಬೆದ್ದಲುಗಳ ವಿವರದಿಂದ.

ಹಾಸನ ಸೀಮೆಯಲ್ಲಿ ಈ ಬಗೆಯ ಪತ್ರಗಳಿಗೆ ಕೊರತೆಯಿಲ್ಲ. ಅರಕಲಗೂಡು ತಾಲ್ಲೂಕಿನ ಸೋಮವಾರದ 1079ರ ಶಾಸನ ರಾಜೇಂದ್ರ ಪೃಥ್ವೀ ಕೊಂಗಾಳ್ವನು ಅದಟರಾದಿತ್ಯ ಚೈತ್ಯಾಲಯವನ್ನು ಮಾಡಿಸಿ ದತ್ತಿ ಬಿಟ್ಟುದನ್ನು ಹೇಳುತ್ತದೆ. ಅದನ್ನು ರಚಿಸಿದ ಸಾಂಧಿವಿಗ್ರಹಿ ನಕುಲಾರ್ಯನು ನಾಲ್ಕು ಭಾಷೆಗಳಲ್ಲಿ ಬರೆಯಬಲ್ಲವನೆಂಬ ಉಲ್ಲೇಖ ಸ್ವಾರಸ್ಯಕರವಾದುದು. ದಾನಪತ್ರವನ್ನು ಬರೆಯುವ ಕೆಲಸ ಹಿರಿಯ ಅಧಿಕಾರಿಯ ಹೊಣೆಯಾಗಿತ್ತೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಹಾಸನ ತಾಲ್ಲೂಕಿನ ಮರ್ಕುಲಿಯ ಬಸದಿಯನ್ನು 1173ರಲ್ಲಿ ಕಟ್ಟಿಸಿದ ಬೂಚಿರಾಜನೂ ಇಮ್ಮಡಿ ಬಲ್ಲಾಳನ ಮಂತ್ರಿ.

ಒಂದೇ ದಾನಕ್ಕೆ ಎರಡು ಕಡೆ ಕಲ್ಲು ನಿಲ್ಲಿಸಿದ ನಿದರ್ಶನವೂ ಉಂಟು. ಚಂದ್ರಮೌಳಿಯ ಹೆಂಡತಿ ಆಚಿಯಕ್ಕನು 1181ರಲ್ಲಿ ಬೆಳ್ಗೊಳದಲ್ಲಿ ಕಟ್ಟಿಸಿದ ಅಕ್ಕನ ಬಸದಿಗೆ ಬಮ್ಮೆಯನಹಳ್ಳಿ ದತ್ತಿಯಾಗಿ ಸಂದಿತು. ಇದನ್ನು ಬಸದಿಯ ಶಾಸನವೂ ಹೇಳುತ್ತದೆ; ಚನ್ನರಾಯಪಟ್ಟಣ ತಾಲ್ಲೂಕಿನ ಆ ಹಳ್ಳಿಯ ಶಾಸನವೂ ಹೇಳುತ್ತದೆ. ಪಡೆದವರ ಬಳಿ ಒಂದು, ಭೂಮಿಯ ಬಳಿ ಒಂದು. ಬುಕ್ಕರಾಯನ 1368ರ ಶಾಸನದಲ್ಲಿ ಈ ಎಚ್ಚರ ಇನ್ನೂ ವಿಸ್ತಾರಗೊಂಡಿದೆ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಗೊಮ್ಮಟದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಅದು ವಿಧಿಸುತ್ತದೆ. ರಾಜ್ಯದೊಳಗಿನ ಬಸದಿಗಳಲ್ಲೆಲ್ಲ ಶಾಸನವನ್ನು ನೆಡಬೇಕೆಂದೂ ಹೇಳುತ್ತದೆ. ಬೆಳ್ಗೊಳದ ಭಂಡಾರಿ ಬಸದಿಯಲ್ಲಿ ಇರುವ ಈ ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ.

ಇಷ್ಟು ಭದ್ರವಾಗಿ ಕಲ್ಲಿನ ಮೇಲಿದ್ದ ಭೂಮಿಯೂ ಕೈತಪ್ಪಿತೆಂಬುದನ್ನು ತಿಳಿಸುವುದು 1634ರ ಶಾಸನ. ಬೆಳ್ಗೊಳದ ಸ್ಥಾನಿಕರು ದೇವರ ಭೂಮಿಯನ್ನು ವರ್ತಕರಲ್ಲಿ ಅಡಹು ಇಟ್ಟಿದ್ದರು. ಪೂಜೆ ನಡೆಸಬೇಕಾದವರೇ ಸಾಲಗಾರರಾದರು. ಭೂಮಿಯ ಫಲ ಅಡಹು ಹಿಡಿದವರ ಪಾಲಾಯಿತು. ಹಳೆಯ ದಾನಶಾಸನಗಳನ್ನು ಯಾರೂ ಕೆತ್ತಿ ಅಳಿಸಿರಲಿಲ್ಲ. ಅವು ಇದ್ದಲ್ಲಿಯೇ ಇದ್ದುವು. ಆದರೆ ಅವುಗಳ ಬಲವನ್ನು ಕುಂದಿಸುವ ಬೇರೊಂದು ಪತ್ರ ವರ್ತಕರ ಪೆಟ್ಟಿಗೆಯೊಳಗಿತ್ತು. ಅದು ಬೆಟ್ಟದ ಮೇಲೆ ಓದುವವನ ಕಣ್ಣಿಗೆ ಬೀಳುವಂತಹುದಲ್ಲ.

ಮೈಸೂರಿನ ಚಾಮರಾಜ ಒಡೆಯರು ಈ ಸಂಗತಿಯನ್ನು ವಿಚಾರಿಸಿ, ಅಡಹು ಹಿಡಿದ ವರ್ತಕರನ್ನು ಕರೆಸಿ, ಅವರ ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ವರ್ತಕರು ಹಣವನ್ನು ಒಲ್ಲದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡಹನ್ನು ಬಿಟ್ಟುಕೊಡಲು ಒಪ್ಪಿದರು. ಗೊಮ್ಮಟಸ್ವಾಮಿಯ ಹಾಗೂ ಗುರು ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಧಾರಾಪೂರ್ವಕವಾಗಿ ಬಿಡುಗಡೆ ನಡೆಯಿತು. ಮುಂದೆ ಬೆಳ್ಗೊಳದ ದತ್ತಿಯನ್ನು ಅಡಹು ಇಡುವವರೂ ಅಡಹು ಹಿಡಿಯುವವರೂ ಸಮಾನವಾಗಿ ದೋಷಿಗಳೆಂದು ಕಟ್ಟಳೆಯಾಯಿತು. ಈ ಬಿಡುಗಡೆಯನ್ನು ದೊಡ್ಡಬೆಟ್ಟದ ಮೇಲೆ ಕಲ್ಲಿನಲ್ಲಿ ಕೆತ್ತಿಸಿದುದಲ್ಲದೆ, ಅದೇ ವಿಷಯದ ತಾಮ್ರಶಾಸನವೂ ಮಠದಲ್ಲಿ ಉಳಿದಿದೆ. ಕಲ್ಲು ಯಾತ್ರಿಕರೆಲ್ಲರ ಕಣ್ಣಿಗೆ, ತಾಮ್ರ ಮಠದ ಭಂಡಾರಕ್ಕೆ. ದಾನವನ್ನು ಪ್ರಕಟಿಸುವ ಶಾಸನಗಳು ಸಾವಿರಾರು ಇವೆ. ಋಣವಿಮೋಚನೆಯನ್ನು ಹೀಗೆ ಪ್ರಕಟಿಸಿದವು ವಿರಳ.

ಅನಂತರದ ಪತ್ರಗಳು ಬಹುಮಟ್ಟಿಗೆ ಕಾಗದದವು. ದಿವಾನ್ ಪೂರ್ಣಯ್ಯನವರ 1810ರ ಸನ್ನದು ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ 1830ರ ಸನ್ನದು ಮಠದಲ್ಲಿದ್ದುದರಿಂದಲೇ ಆರ್. ನರಸಿಂಹಾಚಾರ್ಯರು 1923ರ ತಮ್ಮ ಪರಿಷ್ಕೃತ ಸಂಪುಟದಲ್ಲಿ ಕಲ್ಲುಗಳ ಜೊತೆಗೆ ಅವುಗಳಿಗೂ ಸ್ಥಾನ ಕೊಡಲು ಸಾಧ್ಯವಾಯಿತು. 1889ರಲ್ಲಿ ರೈಸ್ ಅವರು ಪ್ರಕಟಿಸಿದ ಶಾಸನಗಳು 144. ನರಸಿಂಹಾಚಾರ್ಯರಲ್ಲಿ ಅವು 500. 1973ರ ಆವೃತ್ತಿಯಲ್ಲಿ 573. ಶಾನುಭೋಗರ ಮನೆಗಳಲ್ಲಿದ್ದ ಕಡತಗಳಿಗೆ ಇಂತಹ ಭಾಗ್ಯ ಒದಗಲಿಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದಾಗ ಲೆಕ್ಕ ಬರೆಯುವ ಕೆಲಸ ಸರ್ಕಾರಿ ನೌಕರರಿಗೆ ಹೋಯಿತು. ಮನೆಯ ಅಟ್ಟದ ಮೇಲಿನ ಹಳೆಯ ಕಡತವನ್ನು ಕೇಳುವವರು ಕಡಿಮೆಯಾದರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಉಪನೋಂದಣಿ ಕಚೇರಿಗಳಲ್ಲಿ ನಡೆಯುತ್ತ ಬಂದ ವ್ಯವಸ್ಥೆ 1634ರ ವಿವೇಕಕ್ಕೆ ದೂರವಾದುದಲ್ಲ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಪತ್ರದ ಪ್ರತಿ ಒಂದನೆಯ ಪುಸ್ತಕದಲ್ಲಿ ಉಳಿಯುತ್ತದೆ, ಮೂಲಪತ್ರ ಪಕ್ಷಗಾರನಿಗೆ ಮರಳುತ್ತದೆ. ವ್ಯಕ್ತಿಯ ಹೆಸರಿನಿಂದ ಒಂದು, ಆಸ್ತಿಯಿಂದ ಒಂದು, ಹೀಗೆ ಎರಡು ಸೂಚಿಗಳಿರುತ್ತವೆ. ಭೂಮಿಯ ಮೇಲಿನ ಋಣಕ್ಕೆ ಪಹಣಿಯ ಹನ್ನೊಂದನೆಯ ಅಂಕಣ ಮೀಸಲಾಗಿದೆ. ವರ್ತಕರ ಪೆಟ್ಟಿಗೆಯಲ್ಲಿ ಅಡಗಿದ್ದ ಅಡಹಿಗೆ ಬಹಿರಂಗವಾದ ಒಂದು ಸ್ಥಳ ದೊರೆತಂತಾಯಿತು.

ಆದರೆ ಪಹಣಿಯಲ್ಲಿ ಕಾಣದೆ ಹೋಗುವ ಅಂಶವೊಂದಿದೆ. 1955ರ ಧಾರ್ಮಿಕ ಇನಾಮು ರದ್ದಿಯಾತಿ ಕಾಯಿದೆಯಿಂದ ದತ್ತಿಭೂಮಿಗಳು ಸರ್ಕಾರಕ್ಕೆ ಸೇರಿ, ಸಂಸ್ಥೆಗಳಿಗೆ ತಸ್ತೀಕು ಬರುವಂತಾಯಿತು. ಗೇಣಿದಾರರು ಹಕ್ಕು ಪಡೆದರು. ಉಳುವವನಿಗೆ ಭೂಮಿ ಸಂದುದು ನ್ಯಾಯವೇ ಸರಿ. ಅಲ್ಲಿಂದ ಮುಂದೆ ದಾಖಲೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಸ್ವಾಧೀನದಾರನ ಹೆಸರು ಉಳಿದುವು. ಬಿಟ್ಟವರಾರು, ಯಾವ ಬಸದಿಗೆ, ಯಾವ ಪೂಜೆಗೆ ಎಂಬ ಮಾತಿಗೆ ಅಂಕಣವಿರಲಿಲ್ಲ. ಆ ಮಾತನ್ನು ಹೇಳಬಲ್ಲವು ಅದಕ್ಕೆ ಹಿಂದಿನ ಇನಾಮು ವಹಿಗಳು ಮತ್ತು ಮೊದಲ ಸರ್ವೆಯ ಕಾಗದಗಳು. ಶಾಸನದ ಚತುಸ್ಸೀಮೆಗೂ ಇಂದಿನ ಸರ್ವೆ ನಂಬರಿಗೂ ನಡುವಣ ಕೊಂಡಿ ಅವುಗಳಲ್ಲದೆ ಬೇರಿಲ್ಲ.

ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಗಣಕೀಕರಿಸುವ ಭೂಸುರಕ್ಷಾ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದೆ. ಮೋಡಿ ಅಕ್ಷರದಲ್ಲಿಯೋ ಹಳೆಯ ಶಾನುಭೋಗಿ ಬರಹದಲ್ಲಿಯೋ ಇರುವ ಪುಟದ ಬಿಂಬವನ್ನು ಯಂತ್ರ ತೆಗೆದುಕೊಡುತ್ತದೆ. ಅದರಲ್ಲಿನ ಬಸದಿ ಯಾವುದು, ಮಾನ್ಯ ಯಾವುದು ಎಂದು ಗುರುತಿಸಿ ಸೂಚಿ ಬರೆಯಲು ಓಲೆ ಕಡತಗಳನ್ನು ಓದಿ ಅಭ್ಯಾಸವಿರುವವರೇ ಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ದತ್ತಿಗ್ರಾಮಗಳಿಂದ ಈ ಕೆಲಸವನ್ನು ತೊಡಗಿದರೆ, ಹೋಲಿಸಿ ನೋಡಲು ಅಲ್ಲಿಯ ಶಾಸನಪಾಠಗಳು ಅಚ್ಚಾಗಿ ಸಿದ್ಧವಾಗಿಯೇ ಇವೆ.